ಒಂಬತ್ತನೇ ಹಲ್ಲು

ದಿಂಬಂ ಘಾಟಿಯ ಇಳುಕಲು, ಹದಿನಾರನೇ ತಿರುವು.
ಮುಂದೆ ಎಲ್ಲೋ ಕಬ್ಬಿನ ಲಾರಿ ಸಿಕ್ಕಿಕೊಂಡಿದೆ,
ನಾವೆಲ್ಲ ಸಾಲು. ಹ್ಯಾಂಡ್‌ಬ್ರೇಕ್ ಎಳೆದೆ,
ಕಟ ಕಟ ಕಟ, ಒಂಬತ್ತು ಹಲ್ಲು ಎಣಿಸಿದೆ.
ಆದರೂ ನನ್ನ ಅಂಬಾಸಿಡರು
ಎಡಗಾಲು ಊರಿ, ಬಲಗಾಲು ಮರೆತು
ಮುಂದಿನ ಜೀಪಿನ ಬೆನ್ನಿಗೆ
ಮೂತಿ ತಾಗಿಸಲು ಹೊರಟಿತು ಮೆಲ್ಲಗೆ.
ಹಿಂದಿನ ಸೀಟಿನಲ್ಲಿ ಆರು ಮೂಟೆ ಬೆಳ್ಳುಳ್ಳಿ
ಉಸಿರು ಕಟ್ಟಿ ಕೂತಿತ್ತು.

ನನ್ನ ಸೀಟಿನಡಿ ಯಾವಾಗಲೂ ಒಂದು ಕಲ್ಲು.
ತೂಕದ ಕಲ್ಲು, ಹತ್ತು ಕೆಜಿ, ಕಬ್ಬಿಣದ್ದು,
ಸರಕಾರದ ಮುದ್ರೆ ಅಳಿಸಿ ಹನ್ನೊಂದು ವರ್ಷ.
ತಾಳವಾಡಿ ಮಂಡಿಗೆ ಕರೆಂಟಿನ ತಕ್ಕಡಿ ಬಂದ ದಿನ
ಇದಕ್ಕೂ ನನಗೂ ಒಟ್ಟಿಗೇ ಕೆಲಸ ಹೋಯಿತು.
ನಾನು ಡ್ರೈವರಾದೆ. ಇದು ಚಕ್ರಕ್ಕೆ ಅಡ್ಡವಾಯಿತು.

ಸತ್ಯಮಂಗಲದಲ್ಲಿ ಎಫ್‌ಸಿ ನೋಡುವವರು
ಒಂದು ಸಲ ಎಳೆದು, ಒಂದು ಸಲ ತಳ್ಳಿಸಿ,
'ಇಡದು ಪುಡಿಕ್ಕುದು, ವಲದು ಪುಡಿಕ್ಕಲೆ' ಎಂದು
ಕಾಗದ ವಾಪಸ್ಸು ಕೊಟ್ಟರು.
ತಮಿಳು ನನಗೆ ಬಯ್ಯುವಷ್ಟು ಬರುತ್ತದೆ,
ಬೈಸಿಕೊಳ್ಳುವಷ್ಟು ಇನ್ನೂ ಚೆನ್ನಾಗಿ.

ಅದಕ್ಕೆ ಮೊದಲು ಮೂರು ಜನ ಕೈ ಹಾಕಿದ್ದರು.
ಮೂವರೂ ಕೇಬಲ್ ಬಿಗಿದರು, ದುಡ್ಡು ಇಸಕೊಂಡರು.
ಬಿಗಿದಷ್ಟೂ ಎಡದ ಡ್ರಮ್ಮು ಕಾದು ನಾರಿತು,
ಬಲದ್ದು ಮಡಕೆಯ ನೀರಿನ ಹಾಗೆ ತಣ್ಣಗೆ.

ಜಡೆಸ್ವಾಮಿ ಮಾತ್ರ ಲಿವರು ಮುಟ್ಟಲೇ ಇಲ್ಲ.
'ಬಿಗ್ಯೋದ ಬುಡಿ ಶಿವನಂಜಕ್ಕ,
ತಪ್ಪು ಕೈಲಿಲ್ಲ, ಕಾಲಲ್ಲದ.
ಆ ನಿಮ್ ಕಲ್ ಕೊಡಿ ಇತ್ತಗ' ಎಂದು
ಮುಂದಿನ ಚಕ್ರಕ್ಕೆ ಒತ್ತಿ ಮಡಗಿ,
ಹಿಂಭಾಗವನ್ನು ಜಾಕಿನ ಮೇಲೆ ಎತ್ತಿದ.

ಎಡಗಡೆ ಬಿಚ್ಚಿದರೆ ಕರಿ ಪುಡಿ, ಒಣಕಲು, ದುಡಿದದ್ದು.
ಬಲಗಡೆ ಸೀಲು ಹರಿದು ಆಕ್ಸಲ್ಲಿನ ಎಣ್ಣೆ ಇಳಿದು
ಬ್ರೇಕ್ ಶೂ ಮದುವೆ ಮನೆಯ ಹಿರಿಯರಂತೆ
ಫಳಫಳ ಹೊಳೆಯುತ್ತಿತ್ತು,
ಯಾವುದನ್ನೂ ಹಿಡಿಯುವ ಗೋಜಿಲ್ಲದೆ.

ಆಮೇಲೆ ಅಂಗಾತ ಜಾರಿ ಒಳಗೆ ಹೋದವನು
'ಬನ್ನಿ, ನೋಡಿ' ಎಂದು ಕರೆದ.
ಸೆರಗು ಸಿಕ್ಕಿಸಿ ನಾನೂ ಮಲಗಿದೆ.
ಆಕ್ಸಲ್ಲಿನ ಮೇಲೆ ಅಂಗೈಯಗಲದ ಒಂದು ಚೂರು,
ನಡುವೆ ಮೊಳೆ, ಎರಡು ಕಡೆಗೆ ಎರಡು ಸರಳು.
ನನ್ನ ಒಂದೇ ಎಳೆತವನ್ನು ಎರಡು ಪಾಲು ಮಾಡಿ
ಆ ಚಕ್ರಕ್ಕಿಷ್ಟು ಈ ಚಕ್ರಕ್ಕಿಷ್ಟು ಹಂಚಬೇಕಾದದ್ದು
ಕೆಸರು ಕಚ್ಚಿ, ಗ್ರೀಸು ಕಲ್ಲಾಗಿ,
ಓರೆಯಾಗಿ ನಿಂತುಬಿಟ್ಟಿತ್ತು.

ಇದನ್ನು ಯಾರೂ ನನಗೆ ವಿವರಿಸಬೇಕಿಲ್ಲ.
ಇಪ್ಪತ್ತೆರಡು ವರ್ಷ ತೂಗಿದ್ದೇನೆ.
ಮುಳ್ಳು ಕಚ್ಚಿಕೊಂಡ ತಕ್ಕಡಿಗೆ
ಮೋಸ ಮಾಡುವ ಮನಸ್ಸಿರುವುದಿಲ್ಲ.
ಅದು ಅಲ್ಲಾಡುವುದಿಲ್ಲ ಅಷ್ಟೇ.
ರೈತನೊಬ್ಬ ದಿನವೂ ಅರ್ಧ ಕೆಜಿ ಕಳಕೊಳ್ಳುತ್ತಾನೆ,
ತೂಗುವವಳ ಮುಖ ನೋಡುತ್ತಾನೆ.

ಸೀಮೆಎಣ್ಣೆ ಹನಿಸಿ ಎರಡು ಟೀ ಕುಡಿದೆವು.
ಸಣ್ಣ ಸುತ್ತಿಗೆಯಿಂದ ತಟ್ಟಿದ, ಮಗುವಿನ ಬೆನ್ನು ತಟ್ಟಿದಂತೆ.
ನಾಲ್ಕನೇ ಪೆಟ್ಟಿಗೆ 'ಕಿರ್' ಎಂದಿತು.
ಹೊಸ ಸೀಲು, ಹೊಸ ಶೂ, ಎರಡೂ ಕಡೆಗೆ
(ಒಂದೇ ಕಡೆ ಸಾಕು ಅಂದೆ, ಕೇಳಲಿಲ್ಲ),
ಚಕ್ರ ತಿರುಗದಷ್ಟು ಬಿಗಿದು, ಮತ್ತೆ ಒಂದು ಸುತ್ತು ಸಡಿಲ.
ಕೇಬಲ್ಲು ಕಟ್ಟಕಡೆಗೆ.

'ಈಗ ಎಳೀರಿ.' ಎಳೆದೆ.
ಅವನು ಒಂದು ಚಕ್ರ, ಅವನ ಹುಡುಗ ಇನ್ನೊಂದು
ಕೈಯಿಂದ ತಿರುಗಿಸುತ್ತಿದ್ದರು.
ಮೂರನೇ ಹಲ್ಲಿಗೆ ಸವರಿತು.
ಐದಕ್ಕೆ ಇಬ್ಬರೂ ಒಟ್ಟಿಗೆ 'ಹಾ' ಎಂದರು.

ಮಾರಮ್ಮನ ಗುಡಿಯ ಏರಿನಲ್ಲಿ ನಿಲ್ಲಿಸಿ ಇಳಿದೆ.
ಅಭ್ಯಾಸಕ್ಕೆ ಸೀಟಿನಡಿ ಕೈ ಹಾಕಿದರೆ ಬರೀ ಮ್ಯಾಟು.
ಕಲ್ಲು ಶೆಡ್ಡಿನಲ್ಲೇ ಉಳಿದಿದೆ,
ಇಷ್ಟು ಹೊತ್ತಿಗೆ ಯಾರದೋ ಟೆಂಪೋಗೆ ಆತುಕೊಂಡಿರಬೇಕು.
ತರಬೇಕು. ನಾಳೆ ಹೋಗಿ ತರುತ್ತೇನೆ.
ಬಾಗಿಲ ಮೇಲಿಟ್ಟ ಕೈಯನ್ನು
ತೆಗೆದೆ, ಒಂದೊಂದೇ ಬೆರಳು.